ಕಣಿಲೆ ಇಲ್ಲೂ ಸಿಗುತ್ತದೆ, ಅವ್ವ

ನಗೋಯಾ, ಜಪಾನ್
ಜುಲೈ ತಿಂಗಳು

ಪ್ರೀತಿಯ ಅವ್ವ,

ನಾವು ನಾಲ್ಕೂ ಜನ ಚೆನ್ನಾಗಿದ್ದೇವೆ. ಸೋಮವಾರಪೇಟೆಯಲ್ಲಿ ಮಳೆ ಜೋರು ಅಂತ ಅಣ್ಣ ಹೇಳಿದ. ಕರೆಂಟು ಹೋದರೆ ಫೋನಿನ ಮಾತು ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮೊನ್ನೆ ನೀನು ಕೇಳಿದೆಯಲ್ಲ, ಮಕ್ಕಳಿಗೆ ದಿನಾ ಏನು ಮಾಡಿ ಹಾಕುತ್ತೀಯ, ನಮ್ಮ ಅಡುಗೆ ಮರೆತೇ ಹೋಯ್ತಾ ಅಂತ?

ಮರೆತಿಲ್ಲ ಅವ್ವ. ಇಲ್ಲಿನ ಅಡುಗೆ ನನಗೆ ಇಷ್ಟು ಬೇಗ ಕೈಗೆ ಹತ್ತಿದ್ದು ನಿನ್ನ ಒಲೆ ಮುಂದೆ ನಿಂತು ಕಲಿತಿದ್ದರಿಂದಲೇ. ಇದು ನಿನಗೆ ಸಮಾಧಾನವಾಗಲಿ ಅಂತ ಹೇಳುವ ಮಾತಲ್ಲ. ಕಣಿಲೆಯನ್ನೇ ತಗೋ, ಬಿದಿರಿನ ಎಳೆ ಮೊಳಕೆಯನ್ನು.

ನಮ್ಮಲ್ಲಿ ಮಳೆ ಹಿಡಿದ ಮೇಲೆ ಕಣಿಲೆ ಬರುತ್ತದೆ. ಇಲ್ಲಿ ಏಪ್ರಿಲ್‌ನಲ್ಲೇ ಬರುತ್ತದೆ, ತಕೆನೋಕೊ ಅಂತಾರೆ. ಸಿಪ್ಪೆ ಸಮೇತ, ಬುಡದಲ್ಲಿ ಮಣ್ಣು ಇರುವ ಹಾಗೇ ಅಂಗಡಿಯಲ್ಲಿ ಇಟ್ಟಿರುತ್ತಾರೆ. ಪಕ್ಕದಲ್ಲೇ ಅಕ್ಕಿ ತೌಡಿನ ಸಣ್ಣ ಪೊಟ್ಟಣ. ತುದಿಯನ್ನು ಓರೆಯಾಗಿ ಕತ್ತರಿಸಿ, ಸಿಪ್ಪೆಗೆ ಉದ್ದಕ್ಕೆ ಒಂದು ಸೀಳು ಹಾಕಿ, ತೌಡು ಮತ್ತು ಒಂದು ಒಣಮೆಣಸಿನಕಾಯಿ ಸೇರಿಸಿದ ನೀರಿನಲ್ಲಿ ಸುಮಾರು ಒಂದು ಗಂಟೆ ಬೇಯಿಸಬೇಕು. ಆಮೇಲೆ ಅದೇ ನೀರಿನಲ್ಲಿ ಪೂರ್ತಿ ಆರಲು ಬಿಡಬೇಕು. ಒಗರೆಲ್ಲ ಬಿಟ್ಟುಕೊಳ್ಳುತ್ತದೆ. ಮೊದಲ ಸಲ ಇದನ್ನು ನೋಡಿದಾಗಲೇ ನನಗೆ ಧೈರ್ಯ ಬಂತು. ಕಹಿ ತೆಗೆಯದೆ ಅಡುಗೆಗೆ ಹಾಕಬಾರದು ಅನ್ನುವುದು ಇವರಿಗೂ ಗೊತ್ತಲ್ಲ! ಆದರೆ ನೀನು ತೌಡು ಹಾಕಿ ಬೇಯಿಸಿಬಿಡಬೇಡ. ನಮ್ಮ ಬಿದಿರಿನ ಜಾತಿಯೇ ಬೇರೆ. ಹೆಚ್ಚಿ, ನೆನೆಸಿ, ದಿನಾ ನೀರು ಬದಲಿಸುವ ನಮ್ಮ ಕ್ರಮವೇ ಅದಕ್ಕೆ ಸರಿ.

ಬೆಂದ ತಕೆನೋಕೊದಲ್ಲಿ ಅರ್ಧವನ್ನು ಇವರ ಹಾಗೆ ಅಕ್ಕಿಯ ಜೊತೆಗೇ ಹಾಕಿ, ಸೋಯಾ ಸಾಸ್ ಸೇರಿಸಿ ಅನ್ನ ಮಾಡುತ್ತೇನೆ. ಉಳಿದರ್ಧ ಸಾಸಿವೆ, ತೆಂಗಿನತುರಿ ಹಾಕಿ ನಿನ್ನ ಪಲ್ಯ. ಎರಡೂ ಒಟ್ಟಿಗೆ ಮೇಜಿಗೆ ಬರುತ್ತವೆ. ಮಕ್ಕಳಿಗೆ ಇದು ನಮ್ಮದು, ಅದು ಅವರದು ಅನ್ನುವ ಲೆಕ್ಕವೇ ಇಲ್ಲ.

ರೊಟ್ಟಿಯ ಚಿಂತೆಯೂ ಬೇಡ. ಜೋಶಿಂಕೊ ಅಂತ ಅಕ್ಕಿ ಹಿಟ್ಟು ಸಿಗುತ್ತದೆ, ಅದು ಊಟದ ಅಕ್ಕಿಯದೇ. ಮೋಚಿ ಅನ್ನುವ ಸಿಹಿ ತಿಂಡಿಗೆ ಹಾಕುವ ಅಂಟಕ್ಕಿ ಹಿಟ್ಟು ಬೇರೆ. ಇಲ್ಲಿನ ಅನ್ನಕ್ಕೆ ಅಂಟು ಜಾಸ್ತಿ, ಹಾಗಾಗಿ ಉಳಿದ ಅನ್ನವನ್ನು ಹಿಟ್ಟಿನ ಜೊತೆ ನಾದಿದರೆ ರೊಟ್ಟಿ ಬಿರಿಯುವುದಿಲ್ಲ.

ಇವರ ಸಾರಿನ ಬುಡ ಅಂದರೆ ದಾಶಿ. ಕೊಂಬು ಅನ್ನುವ ಒಣಗಿದ ಕಡಲ ಪಾಚಿಯನ್ನು ತಣ್ಣೀರಿನಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಕಾಯಿಸಿ, ಕುದಿ ಬರುವ ಮೊದಲೇ ಪಾಚಿ ತೆಗೆಯುತ್ತಾರೆ. ಮೇಲೆ ಹೊಗೆ ಹಿಡಿಸಿ ಒಣಗಿಸಿದ ಮೀನಿನ ತೆಳು ಹೆರೆ ಒಂದು ಹಿಡಿ ಹಾಕಿ ಸೋಸುತ್ತಾರೆ. ಅಷ್ಟೇ. ಆ ಪಾಚಿಯ ರುಚಿ ಗ್ಲುಟಮೇಟ್ ಅನ್ನುವ ಅಂಶದಿಂದ ಬರುತ್ತದೆ ಅಂತ 1908ರಲ್ಲಿ ಕಂಡುಹಿಡಿದವರು ಟೋಕಿಯೊದ ವಿಜ್ಞಾನಿ ಕಿಕುನಾಯೆ ಇಕೆದಾ. ಮನೆಯವರಿಗೆ ಮೀನಿನ ವಾಸನೆ ಅಷ್ಟಾಗಿ ಹಿಡಿಸುವುದಿಲ್ಲ. ಅದಕ್ಕೆ ನಾನು ಪಾಚಿಯ ಜೊತೆ ಒಣಗಿದ ಶೀತಾಕೆ ಅಣಬೆ ನೆನೆಸುತ್ತೇನೆ. ನನಗೆ ಅದೇ ಹೆಚ್ಚು ಇಷ್ಟ.

ಅದಕ್ಕೆ ಮಿಸೊ, ಅಂದರೆ ಸೋಯಾ ಕಾಳನ್ನು ಹುದುಗಿಸಿ ಮಾಡಿದ ಗಟ್ಟಿ ಮುದ್ದೆ, ಕರಗಿಸಿದರೆ ಮಿಸೊ ಸಾರು. ನಗೋಯಾ ಕಡೆಯದು ಕಪ್ಪುಗೆಂಪು ಮಿಸೊ. ಹತ್ತಿರದ ಒಕಝಾಕಿಯಲ್ಲಿ ಸೋಯಾ ಕಾಳು ಮತ್ತು ಉಪ್ಪಿನಿಂದಲೇ ಹಾಚೊ ಮಿಸೊ ಮಾಡುತ್ತಾರೆ, ಅಕ್ಕಿಯನ್ನೂ ಹಾಕುವುದಿಲ್ಲ. ದೊಡ್ಡ ದೊಡ್ಡ ಮರದ ಪೀಪಾಯಿಗೆ ತುಂಬಿ, ಮೇಲೆ ಹೊಳೆಗಲ್ಲು ಗೋಪುರದ ಹಾಗೆ ಪೇರಿಸಿ, 2 ವರ್ಷಕ್ಕೂ ಹೆಚ್ಚು ಕಾಲ ಬಿಡುತ್ತಾರೆ. ಬೇರೆ ಮಿಸೊವನ್ನು ಕುದಿಸಿದರೆ ಘಮ ಹೋಗುತ್ತದೆ, ಇದು ಕುದಿದರೂ ತಡೆಯುತ್ತದೆ. ಖಾರ ತಿಂದು ಬೆಳೆದ ನಾಲಿಗೆಗೆ ಈ ಗಟ್ಟಿ ರುಚಿಯೇ ಸರಿ ಅಂತ ನನಗೆ ಅನಿಸುತ್ತದೆ.

ಈಗ ಅಪ್ಪನಿಗೆ ಓದಿ ಹೇಳಬೇಕಾದ ವಿಷಯ. ನಮ್ಮ ಪಕ್ಕದ ಮನೆಯಾಕೆ ಬ್ರೆಜಿಲ್‌ನವರು. ಮುಖ ಜಪಾನಿನದು, ಮನೆಮಾತು ಪೋರ್ಚುಗೀಸ್. 1908ರಲ್ಲೇ ಕಸಾತೊ ಮಾರು ಅನ್ನುವ ಹಡಗು ಕೋಬೆಯಿಂದ 781 ಜನರನ್ನು ಬ್ರೆಜಿಲ್‌ಗೆ ಕರೆದುಕೊಂಡು ಹೋಯಿತು. ಬಹಳಷ್ಟು ಜನ ಹೋಗಿದ್ದು ಸಾವೊ ಪಾಲೊ ಕಡೆಯ ಕಾಫಿ ತೋಟದ ಕೆಲಸಕ್ಕೆ. ಹಾಗೆ ಹೋದವರ ಮೊಮ್ಮಕ್ಕಳು, ಮರಿಮಕ್ಕಳು 1990ರಲ್ಲಿ ಇಲ್ಲಿನ ವಲಸೆ ಕಾನೂನು ಬದಲಾದ ಮೇಲೆ ಕಾರ್ಖಾನೆ ಕೆಲಸಕ್ಕೆ ವಾಪಸ್ ಬಂದರು. ನಮ್ಮ ಐಚಿ ಪ್ರಾಂತ್ಯದಲ್ಲೇ ಅವರು ಜಾಸ್ತಿ. ಈಕೆಯ ಮುತ್ತಜ್ಜಿಯೂ ಕಾಫಿ ಹಣ್ಣು ಕೊಯ್ದವರಂತೆ. ನಮ್ಮದೂ ಕಾಫಿ ತೋಟ ಅಂದೆ. ಅಂದಿನಿಂದ ನಮ್ಮ ಅಡುಗೆಮನೆಗಳ ನಡುವೆ ಪಾತ್ರೆ ಓಡಾಡುತ್ತಲೇ ಇದೆ.

ಅವರು ಕಪ್ಪು ಬೀನ್ಸ್ ಕಾಳಿಗೆ ಹಂದಿ ಮಾಂಸ, ಬೆಳ್ಳುಳ್ಳಿ, ಪಲಾವ್ ಎಲೆ ಹಾಕಿ ತುಂಬ ಹೊತ್ತು ಬೇಯಿಸಿ ಅನ್ನದ ಜೊತೆ ಕೊಡುತ್ತಾರೆ. ಮರಗೆಣಸಿನ ಹಿಟ್ಟಿಗೆ ಚೀಸು, ಮೊಟ್ಟೆ ಸೇರಿಸಿ ಓವನ್‌ನಲ್ಲಿ ಉಂಡೆ ಸುಡುತ್ತಾರೆ. ಮರಗೆಣಸಿನಿಂದ ಇಷ್ಟು ಒಳ್ಳೆಯ ತಿಂಡಿ ಮಾಡಬಹುದು ಅಂತ ನಮಗ್ಯಾರಿಗೂ ಹೊಳೆಯಲೇ ಇಲ್ಲವಲ್ಲ.

ನಾನು ಅವರಿಗೆ ಕೊಟ್ಟಿದ್ದು ನಿನ್ನ ಹಂದಿ ಸಾರು, ಸ್ವಲ್ಪ ಜಪಾನಿನ ಕ್ರಮದಲ್ಲಿ. ಇಲ್ಲಿ ಕಕುನಿ ಅಂತ ಮಾಡುತ್ತಾರೆ. ಕೊಬ್ಬಿರುವ ಹೊಟ್ಟೆ ಭಾಗದ ಮಾಂಸವನ್ನು ದಪ್ಪ ತುಂಡು ಮಾಡಿ, ಮೊದಲು ಬರೀ ನೀರಿನಲ್ಲಿ ಬೇಯಿಸಿ ನೆಣ ಇಳಿಸಿ, ಆಮೇಲೆ ಸೋಯಾ ಸಾಸ್, ಸಕ್ಕರೆ, ಶುಂಠಿ, ಸಾಕೆ ಅನ್ನುವ ಅಕ್ಕಿ ಮದ್ಯ ಹಾಕಿ ಸಣ್ಣ ಉರಿಯಲ್ಲಿ ಇಡುತ್ತಾರೆ. ತಿನ್ನುವಾಗ ಪಕ್ಕದಲ್ಲಿ ಸಾಸಿವೆ. ನಾನು ಮೊದಲ ಬೇಯಿಸುವಿಕೆ ಅವರದು ಇಟ್ಟುಕೊಂಡು, ಆಮೇಲೆ ಹುರಿದು ಪುಡಿ ಮಾಡಿದ ಕಾಳುಮೆಣಸು, ಜೀರಿಗೆ, ಕೊತ್ತಂಬರಿ, ಸಾಸಿವೆ ಹಾಕುತ್ತೇನೆ. ಕೊನೆಗೆ ನಮ್ಮ ಕಪ್ಪು ಹುಳಿ, ಕಾಚಂಪುಳಿ. ಇಲ್ಲಿನ ಕಪ್ಪು ವಿನಿಗರ್ ಚೆನ್ನಾಗಿದೆ, ಆದರೆ ಕಾಚಂಪುಳಿಯ ಕೆಲಸ ಅದು ಮಾಡುವುದಿಲ್ಲ.

ದೊಡ್ಡವನಿಗೆ ಶಾಲೆಯಲ್ಲೇ ಊಟ. ಮಕ್ಕಳೇ ಸರದಿಯ ಮೇಲೆ ಬಡಿಸುತ್ತಾರೆ, ಅದು ನನಗೆ ತುಂಬ ಇಷ್ಟವಾದ ಪದ್ಧತಿ. ಚಿಕ್ಕವಳಿಗೆ ಡಬ್ಬಿ ಕಟ್ಟಬೇಕು. ಕೈಗೆ ನೀರು, ಉಪ್ಪು ಸವರಿಕೊಂಡು ಅನ್ನದ ಉಂಡೆ ಕಟ್ಟುತ್ತೇನೆ. ಒಳಗೆ ಇವರು ಉಪ್ಪಿನಲ್ಲಿ ಹಾಕಿದ ಉಮೆ ಅನ್ನುವ ಹುಳಿ ಹಣ್ಣು ಇಡುತ್ತಾರೆ. ನಾನು ನಿನ್ನ ಮಾವಿನಮಿಡಿಯ ಒಂದು ಚೂರು ಇಡುತ್ತೇನೆ.

ನೀನೂ ಒಂದು ಮಾಡಿ ನೋಡು. ಬಿಳಿ ಎಳ್ಳು ಎರಡು ಚಮಚ ಹುರಿದು, ಒರಳಿನಲ್ಲಿ ತರಿತರಿಯಾಗಿ ಕುಟ್ಟು. ಸಕ್ಕರೆ ಒಂದು ಚಮಚ, ಸೋಯಾ ಸಾಸ್ ಒಂದು ಚಮಚ ಸೇರಿಸು. ಬೀನ್ಸ್ ಅನ್ನು ಬಣ್ಣ ಹೋಗದಷ್ಟು ಮಾತ್ರ ಬೇಯಿಸಿ, ನೀರು ಪೂರ್ತಿ ಬಸಿದು ಕಲಸು. ಒಗ್ಗರಣೆ ಬೇಡ. ಸೋಯಾ ಸಾಸ್ ಅಣ್ಣ ಕುಶಾಲನಗರದಿಂದ ತರಲಿ.

ಆಗಸ್ಟ್ 3ಕ್ಕೆ ನೀವು ಮದ್ದು ಸೊಪ್ಪಿನ ಪಾಯಸ ಮಾಡುತ್ತೀರಿ. ಅದೊಂದಕ್ಕೆ ಇಲ್ಲಿ ನನಗೆ ದಾರಿಯೇ ಸಿಕ್ಕಿಲ್ಲ. ನಮ್ಮ ಪಾಲಿನದನ್ನೂ ನೀವೇ ಉಣ್ಣಿ.

ಬರುವವರ ಕೈಲಿ ಕಾಚಂಪುಳಿ ಕಳಿಸು, ಬಾಟಲಿಯ ಮುಚ್ಚಳಕ್ಕೆ ಟೇಪು ಸುತ್ತು. ಒಣಗಿಸಿದ ಹಂದಿ ಮಾಂಸ ಮಾತ್ರ ಖಂಡಿತ ಬೇಡ. ಇಲ್ಲಿ ಹಾಗೆ ಮಾಂಸ ತರುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ತೆಗೆದುಕೊಂಡು ಬಿಡುತ್ತಾರೆ. ಎಳ್ಳು ಬೀನ್ಸ್ ತಿಂದು ಅಪ್ಪ ಏನಂದರು ಅಂತ ತಪ್ಪದೆ ತಿಳಿಸು.

ನಿನ್ನ ಮಗಳು