ಹಿಂಬದಿ ಆಕ್ಸಲ್ ಬದಲಾವಣೆಯಲ್ಲಿ ಆಗಿರುವ ಲೋಪ ಮತ್ತು ಹಳೆಯ ಆಕ್ಸಲ್ ಹಿಂದಿರುಗಿಸದಿರುವ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ವಾಹನ ದುರಸ್ತಿ ವಿಭಾಗ

ಮಾನ್ಯರೇ,

ನನ್ನ 1958ರ ಮಾರಿಸ್ ಮೈನರ್ 1000 ಕಾರಿಗೆ ನಿಮ್ಮ ವರ್ಕ್‌ಶಾಪಿನಲ್ಲಿ ಹಿಂಬದಿ ಆಕ್ಸಲ್ ಬದಲಾಯಿಸಿದ ನಂತರ ಕಂಡುಬಂದ ದೋಷಗಳನ್ನು ದೂರವಾಣಿಯಲ್ಲಿ ಪದೇ ಪದೇ ವಿನಯದಿಂದಲೇ ತಿಳಿಸಿದ್ದೇನೆ. ಪ್ರತಿ ಬಾರಿಯೂ "ಮ್ಯಾನೇಜರ್ ವಾಪಸ್ ಕರೆ ಮಾಡುತ್ತಾರೆ" ಎಂಬ ಉತ್ತರ ಸಿಕ್ಕಿತೇ ಹೊರತು ಕರೆ ಬರಲಿಲ್ಲ. ಇನ್ನು ಮಾತಿನಲ್ಲಿ ಪ್ರಯೋಜನವಿಲ್ಲವೆಂದು ಮನವರಿಕೆಯಾಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕಾರನ್ನು ನಿಮ್ಮಲ್ಲಿಗೆ ತಂದದ್ದು ಆಕ್ಸಲ್ ನಡುವೆ ಕುಳಿತು ಎರಡೂ ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಶಿಯಲ್‌ನಿಂದ ಬರುತ್ತಿದ್ದ ಊಳಿಡುವ ಸದ್ದಿಗಾಗಿ. ಅದರೊಳಗಿನ ಚಿಕ್ಕ ಹಲ್ಲುಚಕ್ರವಾದ ಪಿನಿಯನ್ ಸವೆದಿದೆ, ಬಿಡಿಭಾಗ ಹುಡುಕುವುದಕ್ಕಿಂತ ಇಡೀ ಆಕ್ಸಲ್ ಬದಲಾಯಿಸುವುದೇ ಸೂಕ್ತ ಎಂದು ನಿಮ್ಮವರೇ ಸಲಹೆ ಕೊಟ್ಟರು. ನಾನು ಒಪ್ಪಿದೆ, ಆದರೆ ಒಂದೇ ಒಂದು ಷರತ್ತು ಹಾಕಿದೆ. 948 ಸಿಸಿ ಎಂಜಿನ್ನಿನ ಮೈನರ್‌ಗೆ ಕಾರ್ಖಾನೆಯಿಂದ ಬಂದದ್ದು ಪಿನಿಯನ್‌ಗೆ 9 ಹಲ್ಲು, ಅದು ತಿರುಗಿಸುವ ದೊಡ್ಡ ಹಲ್ಲುಚಕ್ರವಾದ ಕ್ರೌನ್ ವೀಲ್‌ಗೆ 41 ಹಲ್ಲು ಇರುವ, ಅಂದರೆ 4.55 ಅನುಪಾತದ ಆಕ್ಸಲ್. 1962ರಲ್ಲಿ 1098 ಸಿಸಿ ಎಂಜಿನ್ ಬಂದಾಗ ಅದನ್ನು 9ಕ್ಕೆ 38, ಅಂದರೆ 4.22 ಮಾಡಿದರು; ಅನುಪಾತ ಇಳಿದರೆ ಏರಿನಲ್ಲಿ ಎಳೆಯುವ ಶಕ್ತಿಯೂ ಇಳಿಯುತ್ತದೆ. ಹೊರನೋಟಕ್ಕೆ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ "9/41 ಮಾತ್ರ" ಎಂದು ಜಾಬ್ ಕಾರ್ಡಿನಲ್ಲಿ ಬರೆಸಿ, ಅದರ ಕೆಳಗೆ ನಿಮ್ಮ ಸಿಬ್ಬಂದಿಯ ಸಹಿಯನ್ನೂ ಪಡೆದಿದ್ದೇನೆ.

ಕಾರು ಕೈಗೆ ಬಂದ ದಿನವೇ ಅನುಮಾನ ಹುಟ್ಟಿತು. ಮೊದಲು ಟಾಪ್ ಗೇರಿನಲ್ಲೇ ಹತ್ತುತ್ತಿದ್ದ ಏರಿನಲ್ಲಿ ಎಂಜಿನ್ ಏದುಸಿರು ಬಿಡತೊಡಗಿತು. ಈ ಕಾರಿನ ಸ್ಪೀಡೋಮೀಟರ್ ಕೇಬಲ್ ಗೇರ್‌ಬಾಕ್ಸಿನಿಂದ ಹೊರಡುವುದರಿಂದ ಆಕ್ಸಲ್‌ನ ಅನುಪಾತ ಬದಲಾದರೆ ಅದು ತೋರಿಸುವ ವೇಗವೂ ತಪ್ಪುತ್ತದೆ. ಮುಳ್ಳು 60ರಲ್ಲಿ ನಿಂತಿರುವಾಗ ಕಾರು ಹೆಚ್ಚುಕಡಿಮೆ 65ರಲ್ಲಿ ಓಡುತ್ತಿತ್ತು.

ಇದನ್ನು ತಿಳಿಸಲು ನಿಮ್ಮ ಕೌಂಟರಿಗೆ ಬಂದಾಗ ನಡೆದದ್ದನ್ನು ಬಿಡಿಸಿ ಹೇಳಲೇಬೇಕಾಗಿದೆ. ಸರ್ವಿಸ್ ಅಡ್ವೈಸರ್ ಫೋನಿನಿಂದ ಕಣ್ಣೆತ್ತದೆ, "ಆಕ್ಸಲ್ ಅಂದ್ರೆ ಆಕ್ಸಲ್ ಸರ್, ಗಾಡಿ ಓಡ್ತಿದೆ ತಾನೇ?" ಎಂದರು. ಅನುಪಾತ ಪರೀಕ್ಷಿಸಲು ಏನನ್ನೂ ಬಿಚ್ಚಬೇಕಾಗಿಲ್ಲ, ಹಿಂಭಾಗವನ್ನು ಎತ್ತಿ, ಒಂದು ಚಕ್ರವನ್ನು ಅಲುಗದಂತೆ ಹಿಡಿದು, ಇನ್ನೊಂದನ್ನು ಎರಡು ಸುತ್ತು ತಿರುಗಿಸಿ, ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತುತ್ತದೆಂದು ನೋಡಿದರೆ ಸಾಕು, ಆ ಸಂಖ್ಯೆಯೇ ಅನುಪಾತ ಎಂದು ವಿವರಿಸಿದೆ. ಗುರುತು ಹಾಕಲು ಸೀಮೆಸುಣ್ಣವನ್ನೂ ಜೇಬಿನಲ್ಲಿ ತಂದಿದ್ದೆ. ಅದನ್ನು ಮೇಜಿನ ಮೇಲಿಟ್ಟೆ. ಅವರು ಆ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಒಳಗಿದ್ದ ಮೆಕ್ಯಾನಿಕ್‌ಗೆ ಕೇಳುವಂತೆ, "ಬಾರಪ್ಪಾ ಇಲ್ಲಿ, ಇವರಿಗೆ ಹಲ್ಲು ಎಣಿಸಬೇಕಂತೆ" ಎಂದು ಕೂಗಿದರು. ಆಮೇಲೆ ನನ್ನತ್ತ ತಿರುಗಿ, "ಹಲ್ಲು ಎಣಿಸೋಕೆ ಡೆಂಟಿಸ್ಟ್ ಹತ್ರ ಹೋಗಿ ಸರ್" ಎಂದರು. ಬೆಂಚಿನ ಮೇಲೆ ಕಾಯುತ್ತಿದ್ದ ಗ್ರಾಹಕರೆಲ್ಲ ನಕ್ಕರು. ಅವರಿಗಿಂತ ಎರಡರಷ್ಟು ವಯಸ್ಸಾದ ನಾನು, ಪೂರ್ತಿ ಹಣ ಕಟ್ಟಿದ ರಸೀದಿಯನ್ನು ಕೈಯಲ್ಲಿ ಹಿಡಿದುಕೊಂಡು, ಆ ನಗು ನಿಲ್ಲುವವರೆಗೂ ಅಲ್ಲೇ ನಿಂತಿದ್ದೆ. ಸೀಮೆಸುಣ್ಣವನ್ನು ಹಿಂದಕ್ಕೆ ಕೊಡುವ ಸೌಜನ್ಯವನ್ನೂ ಅವರು ತೋರಲಿಲ್ಲ.

ಅದೇ ಪರೀಕ್ಷೆಯನ್ನು ನಂತರ ಬೇರೊಬ್ಬ ಅನುಭವಿ ಮೆಕ್ಯಾನಿಕ್ ಎದುರಿನಲ್ಲಿ ಮಾಡಿಸಿದ್ದೇನೆ. ತಪ್ಪಿಗೆ ಎಡೆಯಿರಬಾರದೆಂದು ಚಕ್ರವನ್ನು ಅದರ ಹತ್ತು ಪಟ್ಟು, ಅಂದರೆ ಇಪ್ಪತ್ತು ಸುತ್ತು ತಿರುಗಿಸಿದಾಗ ಶಾಫ್ಟ್ 42 ಸುತ್ತು ದಾಟಿ ನಿಂತಿತು. 9/41 ಆಗಿದ್ದರೆ ನಲವತ್ತೈದೂವರೆ ಆಗಬೇಕಿತ್ತು. ಹಲ್ಲು ಎಣಿಸಿದ್ದಾಯಿತು; ನಿಮ್ಮವರು ಹಾಕಿರುವುದು 9/38.

ಇದಕ್ಕಿಂತ ಗಂಭೀರವಾದದ್ದು ಬ್ರೇಕಿನ ವಿಷಯ. ಕಾರು ಒಂದು ಬದಿಗೆ ಎಳೆಯತೊಡಗಿದ್ದರಿಂದ ಬಲ ಹಿಂಚಕ್ರದ ಡ್ರಮ್ ತೆಗೆಸಿ ನೋಡಿದರೆ ಬ್ರೇಕ್ ಶೂಗಳು ಗೇರ್ ಆಯಿಲ್‌ನಲ್ಲಿ ನೆನೆದಿದ್ದವು. ಆಕ್ಸಲ್‌ಗೆ ಬಳಿದ ಹೊಳೆಯುವ ಕಪ್ಪು ಬಣ್ಣ ಅದರ ಗಾಳಿರಂಧ್ರವನ್ನು ಮುಚ್ಚಿಬಿಟ್ಟಿದೆ. ಓಡಿದಂತೆ ಒಳಗಿನ ಎಣ್ಣೆ ಬಿಸಿಯಾಗಿ, ಒತ್ತಡ ಹೊರಹೋಗಲು ದಾರಿಯಿಲ್ಲದೆ, ಎಣ್ಣೆಯನ್ನು ಸೀಲ್ ದಾಟಿಸಿ ಡ್ರಮ್ಮಿನೊಳಕ್ಕೆ ತಳ್ಳಿದೆ. ಚಕ್ರವನ್ನು ತಿರುಗಿಸುವ ಹಾಫ್ ಶಾಫ್ಟ್‌ನ ತುದಿಯ ಬಿಲ್ಲೆಯಲ್ಲಿ (ಫ್ಲೇಂಜ್) ಎಣ್ಣೆ ಸೋರದಂತೆ ಕೂರಿಸುವ ಕಾಗದದ ಗ್ಯಾಸ್ಕೆಟ್ ಹರಿದದ್ದೇ ಆಗಿದ್ದು, ಅದರ ಮೇಲೆ ಸಿಲಿಕಾನ್ ಮೆತ್ತಲಾಗಿದೆ. ಬಿಲ್ಲಿನಲ್ಲಿ ಮಾತ್ರ "ಹೊಸ ಗ್ಯಾಸ್ಕೆಟ್" ಎಂದಿದೆ. ಈ ಕಾರಿನಲ್ಲಿ ನನ್ನ ಮೊಮ್ಮಕ್ಕಳು ಕೂರುತ್ತಾರೆ.

ಇನ್ನು ನನ್ನ ಹಳೆಯ ಆಕ್ಸಲ್. ಬದಲಾಯಿಸಿದ ಭಾಗಗಳನ್ನು ಗ್ರಾಹಕರಿಗೆ ಹಿಂದಿರುಗಿಸಲಾಗುವುದು ಎಂದು ನಿಮ್ಮ ಜಾಬ್ ಕಾರ್ಡಿನ ಹಿಂಬದಿಯಲ್ಲಿ ನೀವೇ ಅಚ್ಚು ಹಾಕಿಸಿದ್ದೀರಿ. ಆ ನಿಯಮ ನಿಮಗೆ ಗೊತ್ತಿರುತ್ತದೆ ಎಂದುಕೊಂಡಿದ್ದೇನೆ. ಸವೆದದ್ದು ಪಿನಿಯನ್ ಮಾತ್ರ. ಆಕ್ಸಲ್ ಕೇಸ್, ಹಾಫ್ ಶಾಫ್ಟ್, ಹಬ್ಬುಗಳೆಲ್ಲ ಕಾರಿನ ಜೊತೆಗೇ ಬಂದವು, ಗಟ್ಟಿಮುಟ್ಟಾಗಿದ್ದವು. ಮೈನರ್ ತಯಾರಿಕೆ ನಿಂತು ಅರ್ಧ ಶತಮಾನ ದಾಟಿರುವಾಗ ಅಂಥದ್ದನ್ನು "ಗುಜರಿಗೆ ಹೋಗಿರಬೇಕು" ಎಂದು ಹೇಳಿ ಕೈತೊಳೆದುಕೊಳ್ಳಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ 9/41 ಅನುಪಾತದ ಆಕ್ಸಲ್ ಅನ್ನು ನಿಮ್ಮ ಖರ್ಚಿನಲ್ಲೇ ಅಳವಡಿಸಿ, ಎಣ್ಣೆ ಕುಡಿದ ಬ್ರೇಕ್ ಶೂಗಳನ್ನು ಬದಲಾಯಿಸಿ, ನನ್ನ ಹಳೆಯ ಆಕ್ಸಲ್ ಅನ್ನು ನನಗೆ ಒಪ್ಪಿಸತಕ್ಕದ್ದು. ತಪ್ಪಿದಲ್ಲಿ ಜಾಬ್ ಕಾರ್ಡ್, ಬಿಲ್ಲು, ಡ್ರಮ್ಮಿನ ಛಾಯಾಚಿತ್ರಗಳು ಮತ್ತು ಮೆಕ್ಯಾನಿಕ್‌ನ ಲಿಖಿತ ವರದಿಯೊಂದಿಗೆ ಗ್ರಾಹಕ ನ್ಯಾಯಾಲಯದಲ್ಲಿ ದಾವೆ ಹೂಡುತ್ತೇನೆ. ಹಳೆಯ ಕಾರುಗಳನ್ನು ಇಟ್ಟುಕೊಂಡಿರುವ ನನ್ನ ಪರಿಚಿತರಿಗೆಲ್ಲ ಈ ಪತ್ರದ ಪ್ರತಿಯನ್ನು ಕಳುಹಿಸುತ್ತೇನೆ. ಆಕ್ಸಲ್ ಯಾರ ಕೈ ಸೇರಿತೆಂಬುದನ್ನು ನನಗೆ ಹೇಳಲು ನಿಮಗೆ ಮನಸ್ಸಿಲ್ಲದಿದ್ದರೆ ಪೊಲೀಸ್ ಠಾಣೆಯಲ್ಲಿ ಹೇಳಬೇಕಾಗುತ್ತದೆ.

ಇಂತಿ,
ಕಾರಿನ ಮಾಲೀಕ