ಭಾನುವಾರದ ಸೂಜಿ ಶಿಬಿರಕ್ಕೆ ವರ್ಷ ತುಂಬಿತು, ಸಿಸ್ಟರ್ ಅಕ್ಕನಿಗೆ ಶರಣು

ವಿಜಯಪುರದ ನಮ್ಮ ಭಾನುವಾರದ ಉಚಿತ ಅಕ್ಯುಪಂಕ್ಚರ್ ಶಿಬಿರಕ್ಕೆ ಈ ವಾರ ಒಂದು ವರ್ಷ. ಹಾಲ್ ಬಿಟ್ಟುಕೊಟ್ಟ ಹಿರಿಯರಿಗೆ, ಬೆಡ್‌ಶೀಟ್ ಒಗೆದು ತಂದ ತಾಯಂದಿರಿಗೆ, ಪಾಳಿ ಚೀಟಿ ಹಂಚಿದ ಹುಡುಗರಿಗೆ, ಒಂದೂ ವಾರ ತಪ್ಪದೆ ಚಹಾ ಕಳಿಸಿದ ಎದುರಿನ ಅಂಗಡಿಯವರಿಗೆ ಕೈಮುಗಿದು ಧನ್ಯವಾದ. 1938ರಲ್ಲಿ ಯುದ್ಧದ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರನ್ನೂ ಈ ದಿನ ನೆನೆಯುತ್ತೇವೆ. ಅವರಲ್ಲಿ ದ್ವಾರಕಾನಾಥ ಕೋಟ್ನಿಸ್ ನಮ್ಮ ಪಕ್ಕದ ಸೊಲ್ಲಾಪುರದವರು. ಇನ್ನೊಬ್ಬರು, ಬಿ.ಕೆ. ಬಸು, ಮುಂದೆ ಈ ಚಿಕಿತ್ಸೆಯನ್ನು ಚೀನಾದಲ್ಲಿ ಕಲಿತು ಕಲ್ಕತ್ತಾಕ್ಕೆ ತಂದರು.

ಉಳಿದ ಮಾತೆಲ್ಲ ನಿಮಗೇ, ಅಕ್ಕಾ.

ಮೊದಲ ಭಾನುವಾರ ನೀವು ಕೇಳಿದ್ದು ಒಂದೇ ಪ್ರಶ್ನೆ: ‘ಎಷ್ಟು ಹಾಕೀರಿ, ಎಷ್ಟು ತಗದೀರಿ?’ ನಮ್ಮ ಸೂಜಿಯ ದಪ್ಪ 0.25 ಮಿ.ಮೀ., ಉದ್ದ ಕೈಗೆ 25, ಸೊಂಟಕ್ಕೆ 40. ಇಪ್ಪತ್ತೈದು ನಿಮಿಷ ಕಳೆದು ತೆಗೆಯುವಾಗ ತುರುಬಿನೊಳಗೆ, ಕಿವಿಯ ಹಿಂದೆ, ಹೊದ್ದ ಸೆರಗಿನಡಿ ಒಂದು ಉಳಿದರೆ ಕಣ್ಣಿಗೆ ಬೀಳುವುದಿಲ್ಲ. ಅಂದೇ ಪುಸ್ತಕಕ್ಕೆ ಎರಡು ಕಲಂ ಸೇರಿದವು. ಎರಡೂ ತಾಳೆಯಾಗದೆ ಯಾರನ್ನೂ ಹಾಸಿಗೆಯಿಂದ ಏಳಲು ನೀವು ಬಿಟ್ಟಿಲ್ಲ. ಒಮ್ಮೆ ಬಳಸಿದ ಸೂಜಿ ನೇರ ಬಿಳಿ ಡಬ್ಬಕ್ಕೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಡಬ್ಬ ಮುಕ್ಕಾಲು ತುಂಬಿದರೆ ಸೀಲ್.

ಸಾಲಿನಲ್ಲಿ ನಿಂತವರನ್ನು ‘ಊಟಾ ಮಾಡೀರೇನು?’ ಎಂದು ಕೇಳುತ್ತಿದ್ದುದೂ ನೀವೇ. ಉಪವಾಸದ ದಿನ ಖಾಲಿ ಹೊಟ್ಟೆಯಲ್ಲಿ, ಅದೂ ಕುರ್ಚಿಯಲ್ಲಿ ಕೂಡಿಸಿ ಸೂಜಿ ಹಾಕಿದರೆ ತಣ್ಣನೆ ಬೆವರಿ ಕುಸಿಯುತ್ತಾರೆ. ಆಗ ಎಲ್ಲ ಸೂಜಿ ತೆಗೆದು, ಅಂಗಾತ ಮಲಗಿಸಿ, ಕಾಲು ಎತ್ತರಿಸಿ, ಪೂರ್ತಿ ಎಚ್ಚರವಾದ ಮೇಲೆ ಬೆಚ್ಚಗಿನ ಸಕ್ಕರೆ ನೀರು. ಸೊಸೆಯಂದಿರ ಕಿವಿಯಲ್ಲಿ ಮುಟ್ಟಿನ ದಿನ ಕೇಳಿ, ಬಸಿರೆಂಬ ಸಂಶಯ ಬಂದರೆ ಚೀಟಿಯಿಂದ, ಬಸುರಿಯರಿಗೆ ಸೂಜಿ ಹಾಕಬಾರದ ಕೈ-ಕಾಲಿನ ಬಿಂದುಗಳಾದ ಎಲ್‌ಐ-4, ಎಸ್‌ಪಿ-6 ಹೊಡೆದುಹಾಕುತ್ತಿದ್ದಿರಿ. ಸೂಜಿ ಸಿಕ್ಕಿಕೊಂಡಾಗ ಎಳೆಯಲು ಹೊರಟ ಕೈಯನ್ನು ತಡೆದವರೂ ನೀವೇ. ಸ್ನಾಯು ಬಿಗಿದುಕೊಂಡಿರುತ್ತದೆ, ಎರಡು ನಿಮಿಷ ಬಿಟ್ಟು ಸುತ್ತ ಮೆಲ್ಲಗೆ ತಟ್ಟಿದರೆ ತಾನೇ ಸಡಿಲವಾಗುತ್ತದೆ. ಒಂದೇ ದಿಕ್ಕಿಗೆ ತಿರುಗಿಸಿದ್ದರೆ ಅಷ್ಟೇ ಸುತ್ತು ಹಿಂದಕ್ಕೆ.

ಬಿಂದುವಿಗೆ ಬಿಸಿ ಕೊಡಲು ಹೊತ್ತಿಸಿ ಹಿಡಿಯುವ ಮಾಕ್ಸಾ ಬತ್ತಿ ನಮ್ಮ ಮಾಚಿಪತ್ರೆಯ ಜಾತಿಯ ಗಿಡದ್ದೇ. ಅದನ್ನು ಚರ್ಮದಿಂದ ಎರಡು ಮೂರು ಸೆಂ.ಮೀ. ದೂರ ಹಿಡಿದು, ಮೈ ತುಸು ಕೆಂಪಾಗುವವರೆಗೆ ಹತ್ತು ಹದಿನೈದು ನಿಮಿಷ ಕಾಯಿಸುತ್ತೇವೆ. ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಬಿಸಿ ಗೊತ್ತಾಗುವುದಿಲ್ಲ, ಬೊಬ್ಬೆ ಎದ್ದ ಮೇಲೆಯೇ ತಿಳಿಯುವುದು. ಅಂಥ ಪಾದಕ್ಕೆ ಬತ್ತಿ ಬೇಡವೇ ಬೇಡ ಎಂದು ನೀವು ಹಟ ಹಿಡಿದಿರಿ. ಮುಪ್ಪಿನವರ ಮಂಡಿಗೆ ಹಿಡಿದಾಗಲೂ ಬಿಂದುವಿನ ಎರಡೂ ಬದಿಗೆ ನಿಮ್ಮ ಎರಡು ಬೆರಳು ಊರಿ, ಅವರ ಬಿಸಿಯನ್ನು ನೀವು ಅಳೆದಿರಿ.

ಇನ್ನು ಆ ರಾತ್ರಿ, ಹೆಗಲಿಗೆ ನಾವು ಹಾಕಿದ ಸೂಜಿಯಿಂದ ಒಬ್ಬ ತಾಯಿಯ ಎದೆಗೂಡಿನಲ್ಲಿ ಗಾಳಿ ಸೇರಿ ಆಸ್ಪತ್ರೆಗೆ ಓಡಿದ ರಾತ್ರಿ. ಶಿಬಿರದವರಿಗೆಲ್ಲ ಗೊತ್ತಿರುವುದನ್ನು ಮತ್ತೆ ಬಿಡಿಸುವುದಿಲ್ಲ. ಸೂಜಿ ಹಿಡಿಯುವ ಉಳಿದವರಿಗಾಗಿ ಇಷ್ಟು: ಜಿಬಿ-21 ಎಂಬ ಹೆಗಲ ಬಿಂದು ಇರುವುದು ಕತ್ತಿನ ಬುಡದ ಉಬ್ಬಿದ ಮೂಳೆಗೂ ಹೆಗಲ ತುದಿಗೂ ನಡುಮಧ್ಯೆ. ಅದರ ಕೆಳಗೇ ಶ್ವಾಸಕೋಶದ ನೆತ್ತಿ. ಸಣಕಲು ಮೈಯವರಲ್ಲಿ ನೇರ ಕೆಳಕ್ಕೆ ತುಸು ಹೆಚ್ಚು ಇಳಿದರೂ ಪೊರೆ ತೂತಾಗಿ ಎದೆಗೂಡಿನಲ್ಲಿ ಗಾಳಿ ಸೇರುತ್ತದೆ. ತೊಂದರೆ ಆಗಲೇ ಕಾಣಬೇಕೆಂದಿಲ್ಲ. ಮನೆಗೆ ಹೋಗಿ ಎಷ್ಟೋ ಗಂಟೆಯ ಮೇಲೆ ಒಣಕೆಮ್ಮು, ಉಸಿರೆಳೆದರೆ ಒಂದೇ ಪಕ್ಕದಲ್ಲಿ ಚುಚ್ಚು, ನಾಲ್ಕು ಮೆಟ್ಟಿಲಿಗೆ ಏದುಸಿರು. ಗ್ಯಾಸ್ ಇರಬೇಕು ಎಂದು ಎಲ್ಲರೂ ಅಂದಾಗ, ಎಕ್ಸ್‌-ರೇ ಆಗದೆ ಇಲ್ಲಿಂದ ಕದಲುವುದಿಲ್ಲ ಎಂದವರು ನೀವೊಬ್ಬರೇ.

ಆ ಸೂಜಿ ಹಾಕಿದ್ದು ನಮ್ಮ ಕೈ. ಅಂದು ಆ ಕೈಗೆ ನೀರಿನ ಲೋಟ ಹಿಡಿಯಲೂ ಆಗಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಬೆಳಕು ಹರಿಯುವವರೆಗೆ ನೀವು ಪಕ್ಕದಲ್ಲಿ ಕೂತಿರಿ. ಬೈಯಲಿಲ್ಲ. ಏನೂ ಆಗುವುದಿಲ್ಲ ಎಂಬ ಸುಳ್ಳನ್ನೂ ಹೇಳಲಿಲ್ಲ. ಗಂಟೆಗೊಮ್ಮೆ ಒಳಗೆ ಹೋಗಿ ಉಸಿರು ಎಣಿಸಿ ಬಂದು, ಎಷ್ಟು ಅಂತ ಮಾತ್ರ ಹೇಳಿದಿರಿ. ಇದನ್ನು ಬರೆಯುವಾಗಲೂ ಗಂಟಲು ಕಟ್ಟುತ್ತದೆ, ಅಕ್ಕಾ.

ಗುಣವಾಗಿ, ಮತ್ತೆ ಬಂದು ಪಾಳಿ ಚೀಟಿ ಹಿಡಿದ ಆ ತಾಯಿಗೂ ನಾವು ಋಣಿಗಳು.

ನೀವು ಹೇಳಿದಂತೆಯೇ ಈಗ ನಡೆಯುತ್ತಿದೆ. ಆ ಬಿಂದುವಿಗೆ 25 ಮಿ.ಮೀ. ಸೂಜಿ ಮಾತ್ರ. ಹೆಗಲ ಸ್ನಾಯುವನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದೆತ್ತಿ, ಬೆನ್ನಿನ ಕಡೆಗೆ ಓರೆಯಾಗಿ, ರೋಗಿಯದೇ ಹೆಬ್ಬೆರಳಿನ ಅಗಲದ ಅರ್ಧ ಮೀರದಷ್ಟು. ಸಣಕಲು ಮೈಗೆ ಸೂಜಿಯೇ ಇಲ್ಲ, ಬೆರಳೊತ್ತು. ಹೊರಡುವವರ ಕೈಗೆ ಮೂರು ಲಕ್ಷಣ ಬರೆದ ಚೀಟಿ, ಕೆಳಗೆ ‘ಕೂಡಲೇ ದವಾಖಾನೆಗೆ ಹೋಗಿ’ ಎಂಬ ಸಾಲು.

ಎರಡನೇ ವರ್ಷದ ಪುಸ್ತಕಕ್ಕೆ ಗೆರೆ ಹಾಕಿಟ್ಟಿದ್ದೇವೆ. ಹೆಸರು, ಬಿಂದು, ಹಾಕಿದ್ದು, ತೆಗೆದದ್ದು. ಕೊನೆಯ ಕಲಂ ನೀವೇ ತುಂಬಬೇಕು, ಬೆಳಿಗ್ಗೆ ಒಂಬತ್ತಕ್ಕೆ ಬರ್ರಿ ಅಕ್ಕಾ.