ಬೇಸಿಗೆ ಶಿಬಿರದ ಬಗ್ಗೆ ಮಗಳಿಗೊಂದು ಪತ್ರ

ಉಡುಪಿ

ಪ್ರೀತಿಯ ಮಗಳೇ,

ಪುಟ್ಟಿಯನ್ನು ನಿಮ್ಮ ಚರ್ಚಿನ ಸಭೆಯವರ ಬೇಸಿಗೆ ಶಿಬಿರಕ್ಕೆ ಒಂದು ವಾರದ ಮಟ್ಟಿಗೆ ಕಳುಹಿಸಬಹುದೇ ಎಂದು ಕೇಳಿದ್ದೀಯೆ. ಹತ್ತು ವರ್ಷದ ಮಗು ಕಾಡಿನ ನಡುವೆ ಆರು ರಾತ್ರಿ ಹೇಗೆ ಕಳೆದೀತು ಎಂಬ ನಿನ್ನ ಚಿಂತೆ ನನಗೆ ಅರ್ಥವಾಗುತ್ತದೆ. ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ನೀನು ಕಳುಹಿಸಿದ ದಿನಚರಿಯ ಕೊನೆಯ ಸಾಲು: ಶುಕ್ರವಾರ ರಾತ್ರಿ ಬೆಂಕಿಯ ಸುತ್ತ ಸಮರ್ಪಣಾ ಕೂಟ. ಅಂದರೆ ಮಕ್ಕಳು ತಮ್ಮನ್ನು ದೇವರಿಗೆ ಒಪ್ಪಿಸಿಕೊಳ್ಳುವ ಕೂಟ.

ಆ ಬೆಂಕಿಯ ಮೂಲ ಹುಡುಕಿದರೆ 1801ರ ಆಗಸ್ಟಿಗೆ, ಅಮೆರಿಕದ ಕೆಂಟಕಿಯ ಕೇನ್ ರಿಜ್‌ಗೆ ಹೋಗಬೇಕಾಗುತ್ತದೆ. ಪ್ರೆಸ್ಬಿಟೇರಿಯನ್ ಪಂಗಡದ ಸಭಾಪಾಲಕ, ಅಂದರೆ ಪಾದ್ರಿ, ಬಾರ್ಟನ್ ಸ್ಟೋನ್ ಅವರ ಸಭೆಯಲ್ಲಿ ಕರ್ತನ ಭೋಜನಕ್ಕೆಂದು (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆಂದು) ಕರೆದ ಕೂಟಕ್ಕೆ, ಹೊಸದಾಗಿ ನೆಲೆಯೂರುತ್ತಿದ್ದ ರೈತರು ಗಾಡಿ ಕಟ್ಟಿಕೊಂಡು ಬಂದು ಬಯಲಲ್ಲೇ ಬಿಡಾರ ಹೂಡಿದರು. ಹತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದ್ದರೆಂಬ ಅಂದಾಜಿದೆ. ಹಗಲಿರುಳು ಪ್ರಸಂಗ, ಹಾಡು, ಅಳು. ಕೆಲವರು ನಿಂತಲ್ಲೇ ನೆಲಕ್ಕೆ ಬಿದ್ದರು. ಮೆಥಡಿಸ್ಟ್ ಬಿಷಪ್ ಫ್ರಾನ್ಸಿಸ್ ಆಸ್ಬರಿ ಇಂತಹ ಬಿಡಾರ ಕೂಟಗಳನ್ನು ಬಹಳ ಪ್ರೋತ್ಸಾಹಿಸಿದರು. ನಿಮ್ಮ ನ್ಯೂಜೆರ್ಸಿಯಲ್ಲೇ 1869ರಲ್ಲಿ ಆರಂಭವಾದ ಓಷನ್ ಗ್ರೋವ್‌ನಲ್ಲಿ ಇಂದಿಗೂ ಬೇಸಿಗೆ ಬಂತೆಂದರೆ ಡೇರೆಗಳು ಏಳುತ್ತವೆಯಂತೆ. ಒಮ್ಮೆ ಹೋಗಿ ನೋಡಿ ಬನ್ನಿ.

ಆದರೆ ಅವು ದೊಡ್ಡವರ ಕೂಟಗಳು, ಮಕ್ಕಳು ಅವರ ಸೆರಗು ಹಿಡಿದು ಬಂದವರು. ಮಕ್ಕಳಿಗಾಗಿಯೇ ಸಭೆಯೊಂದು ನಡೆಸಿದ ಮೊದಲ ಶಿಬಿರವೆಂದು ಸಾಮಾನ್ಯವಾಗಿ ಹೇಳುವುದು 1880ರದ್ದನ್ನು. ಕನೆಕ್ಟಿಕಟ್‌ನ ಸಭಾಪಾಲಕ ಜಾರ್ಜ್ ಹಿಂಕ್ಲಿ ಏಳು ಹುಡುಗರನ್ನು ರೋಡ್ ಐಲೆಂಡ್‌ನ ಗಾರ್ಡ್ನರ್ಸ್ ದ್ವೀಪಕ್ಕೆ ಕರೆದೊಯ್ದರು. ಏಳೇ ಹುಡುಗರು! ಐದು ವರ್ಷಗಳ ಬಳಿಕ ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯ ಸಮ್ನರ್ ಡಡ್ಲಿ ನ್ಯೂಯಾರ್ಕಿನ ಆರೆಂಜ್ ಲೇಕ್ ಬಳಿ ಶಿಬಿರ ಹೂಡಿದಾಗಲೂ ಜೊತೆಗಿದ್ದವರು ಏಳು ಮಂದಿ. ಅವರ ಹೆಸರಿನ ಕ್ಯಾಂಪ್ ಡಡ್ಲಿ ಇಂದಿಗೂ ನಡೆಯುತ್ತಿದೆ. ಒಬ್ಬ ಹಿರಿಯ ಪ್ರತಿಯೊಬ್ಬ ಹುಡುಗನ ಹೆಸರು, ಹಸಿವು, ಹೆದರಿಕೆ ಎಲ್ಲವನ್ನೂ ತಿಳಿದಿರಬಹುದಾದ ಸಂಖ್ಯೆ ಅದು. ಕೇನ್ ರಿಜ್‌ನ ಜನಸಾಗರಕ್ಕೂ ಈ ಏಳು ಹುಡುಗರ ಡೇರೆಗೂ ಇರುವ ಅಂತರವೇ ನನಗೆ ಶಿಬಿರಗಳ ಚರಿತ್ರೆಯಲ್ಲಿ ಮುಖ್ಯವಾಗಿ ಕಾಣುತ್ತದೆ.

ಪಟ್ಟಣದಲ್ಲೇ ಉಳಿದ ಮಕ್ಕಳಿಗಾಗಿ ಹುಟ್ಟಿದ್ದು ನಮ್ಮ ವಿಬಿಎಸ್, ಅಂದರೆ ರಜೆಯ ಬೈಬಲ್ ಶಾಲೆ. ರಜೆಯಲ್ಲಿ ಬೀದಿಯಲ್ಲಿ ಅಲೆಯುತ್ತಿದ್ದ ನ್ಯೂಯಾರ್ಕಿನ ಬಡ ಮಕ್ಕಳಿಗೆಂದು ಎಲೈಜಾ ಹಾವ್ಸ್ ಎಂಬ ಮಹಿಳೆ 1898ರಲ್ಲಿ ಬಾಡಿಗೆಗೆ ಹಿಡಿದದ್ದು ಒಂದು ಬಿಯರ್ ಅಂಗಡಿಯನ್ನು! ಬ್ಯಾಪ್ಟಿಸ್ಟ್ ಮಿಷನ್ನಿನ ರಾಬರ್ಟ್ ಬೊವಿಲ್ 1901ರಿಂದ ಅದನ್ನು ಬೇರೆಡೆಗೂ ಹರಡಿದರು. ನಮ್ಮ ದೇವಾಲಯದ ಅಂಗಳದಲ್ಲಿ ಏಪ್ರಿಲ್ ಸೆಕೆಯಲ್ಲಿ ಬಣ್ಣದ ಕಾಗದ ಕತ್ತರಿಸುತ್ತಾ ನೀನು ಕಲಿತ ಹಾಡುಗಳಿಗೂ ಆ ಅಂಗಡಿಗೂ ನಂಟಿದೆ ಎಂದರೆ ನಿನ್ನ ಅಜ್ಜಿ ಖಂಡಿತ ನಂಬುತ್ತಿರಲಿಲ್ಲ.

ಎಲ್ಲ ಮಕ್ಕಳಿಗೂ ಆ ಡೇರೆಗಳ ಬಾಗಿಲು ತೆರೆದಿತ್ತೆಂದು ಮಾತ್ರ ತಿಳಿಯಬೇಡ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಶಿಬಿರಸ್ಥಾನಗಳಿಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅದಕ್ಕಾಗಿಯೇ ಬಿಷಪ್ ರಾಬರ್ಟ್ ಜೋನ್ಸ್ 1923ರಲ್ಲಿ ಮಿಸಿಸಿಪ್ಪಿಯ ವೇವ್‌ಲ್ಯಾಂಡ್ ಕಡಲತೀರದಲ್ಲಿ ಗಲ್ಫ್‌ಸೈಡ್ ಕೇಂದ್ರವನ್ನು ಕಟ್ಟಿದರು. 2005ರ ಕತ್ರೀನಾ ಚಂಡಮಾರುತ ಅದರ ಕಟ್ಟಡಗಳನ್ನು ಕೊಚ್ಚಿಕೊಂಡು ಹೋಯಿತು. ಒಂದೇ ದೇವರ ಹಾಡನ್ನು ಬೇರೆ ಬೇರೆ ಬೇಲಿಯೊಳಗೆ ಹಾಡುವುದು ನಮ್ಮ ನಾಡಿನವರಿಗೆ ಅಪರಿಚಿತವೇನಲ್ಲ, ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಶುಕ್ರವಾರ ರಾತ್ರಿಯ ವಿಷಯ. ನಾನು ವಿಬಿಎಸ್‌ನಲ್ಲಿ ಕಲಿಸುತ್ತಿದ್ದ ಮೊದಲ ವರ್ಷಗಳಲ್ಲಿ, ಕೊನೆಯ ದಿನದ ಕೂಟದಲ್ಲಿ ಒಬ್ಬ ಹುಡುಗ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಕಂಡು, ನನ್ನ ಪಾಠ ಫಲಿಸಿತೆಂದು ವರದಿಯಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಕೆಲವು ವರ್ಷಗಳ ನಂತರ ಅವನೇ ನಗುತ್ತಾ ಹೇಳಿದ: “ಎಲ್ಲರೂ ಅಳುತ್ತಿದ್ದರು ಟೀಚರ್, ನಾನೊಬ್ಬನೇ ಸುಮ್ಮನಿದ್ದರೆ ನೀವು ಬೇಜಾರು ಮಾಡಿಕೊಳ್ಳುತ್ತೀರಿ ಅನ್ನಿಸಿತು.” ದಣಿದ ಮಗು, ಕತ್ತಲೆ, ಹಾಡು, ಬೆಂಕಿ, ಮರುದಿನ ಗೆಳತಿಯರನ್ನು ಅಗಲುವ ಸಂಕಟ: ಇಷ್ಟು ಕೂಡಿದರೆ ಕಣ್ಣೀರು ತಾನಾಗಿಯೇ ಬರುತ್ತದೆ. ಅದನ್ನು ಮಗುವಿನ ತೀರ್ಮಾನವೆಂದು ಎಣಿಸುವುದು ಸರಿಯಲ್ಲ ಎಂದು ನಾನು ತಡವಾಗಿ ಕಲಿತೆ.

ಆದ್ದರಿಂದ ಪುಟ್ಟಿಯನ್ನು ಕಳುಹಿಸು, ಆದರೆ ಮೊದಲು ಎರಡು ವಿಷಯ ಕೇಳು. ಒಬ್ಬ ನಾಯಕಿಯ ಪಾಲಿಗೆ ಎಷ್ಟು ಮಕ್ಕಳು? ಕೊನೆಯ ರಾತ್ರಿ ಮಕ್ಕಳನ್ನು ಎದ್ದು ಮುಂದೆ ಬರಲು ಕರೆಯುತ್ತಾರೆಯೇ? ಕರೆಯುವುದಾದರೆ, ಕುಳಿತೇ ಇರಬಹುದೆಂದು ಪುಟ್ಟಿಗೆ ನೀನೇ ಹೇಳಿ ಕಳುಹಿಸು. ಟಾರ್ಚಿನ ಜೊತೆಗೆ ಹೆಚ್ಚುವರಿ ಸೆಲ್ ಇಡಲು ಮರೆಯಬೇಡ. ಅವಳಿಗೆ ಕತ್ತಲೆಯೆಂದರೆ ನಿನ್ನಷ್ಟೇ ಭಯ.

ನಿನ್ನ
ಅಮ್ಮ